ಬಾಳಕ್ಕನ ಬಾವ್ಯಾಗಿನ ಉಸುರು

ಕರೆಂಟ್ ಹೋತೇನು? ಹೋಗ್ಲಿ ಬಿಡ್ರಿ. ಮಗ್ಗ ನಿಂತಾಗರ ಮಂದಿ ಮಾತು ಮಂದಿಗೆ ಕೇಳಸ್ತಾವ. ಏ ಛಾಯಾ, ಆ ಕಂದೀಲು ಅತ್ತಾಗ ಸರಸು, ಕಣ್ಣಿಗೆ ಹೊಡಿಯಾಕತ್ತೈತಿ. ನೀ ಬಾಜೂ ಮನಿಗೆ ಹೊಸದಾಗಿ ಬಂದಾಕಿ, ಅದಕ್ಕ ಮೊದಲ ಹೇಳಿಬಿಡ್ತೇನಿ. ನಡುವ ನಕ್ಕಿ ಅಂದ್ರ ಎಬ್ಬಿಸಿ ಮನಿಗೆ ಕಳಸ್ತೇನಿ. ನನ್ನ ಹೆಸರು ಗೌರವ್ವ, ನಾ ಕಟ್ಟಿ ಹೇಳೋ ಪೈಕಿ ಅಲ್ಲ. ಇದು ನನ್ನ ಚಿಗವ್ವನ ಮಗ ಸಿದ್ರಾಮಗ ಆಗಿದ್ದು. ಕೊಯ್ನಾ ಭೂಕಂಪ ಆಗೂಕಿಂತ ಒಂದೆರಡು ವರ್ಷ ಮೊದಲಿಂದು.

ಇಚಲಕರಂಜಿಂದ ನಮ್ಮ ಯಡ್ರಾವಕ್ಕ ಬರೋ ಹಾದ್ಯಾಗ ಆಲದಮರ ಐತಲ್ಲ, ಅದರ ಬಗಲಾಗ ಬಾಳಕ್ಕನ ಹೊಲದ ಬಾವಿ. ಅವತ್ತ ರಾತ್ರಿ ಸಿದ್ರಾಮ ಸೈಕಲ್ ಮ್ಯಾಲೆ ಒಬ್ಬನ ಬರಾಕತ್ತಿದ್ದ. ಊರಿನ ಮಗ್ಗದ ಖಟಾಕ್ ಖಟಾಕ್ ಹಿಂದ ಉಳೀತು. ಮರದ ಹತ್ರ ಹಾದಿ ಕೆಟ್ಟಿತ್ತು, ಇಳದು ನೂಕ್ಕೊಂತ ನಡದ. ಹಿಂದಿನ ಗಾಲಿ... ಟಿಕ್ ಟಿಕ್ ಟಿಕ್. ಮತ್ತೇನೂ ಸಪ್ಪಳಿಲ್ಲ.

ಬಾವ್ಯಾಗಿಂದ... ಹ್ಹಕ್.

ನೀರಾಗ ಮುಳುಗಿದಾಂವ ಮ್ಯಾಲೆ ಬಂದು ಬಾಯಿ ತೆರದು ಉಸುರು ಎಳಕೊಂತಾನಲ್ಲ, ಹಂಗ. ಸಿದ್ರಾಮ ನಿಂತ. ಎಳಕೊಂಡ ಉಸುರು ಬಿಡಬೇಕಲ್ಲ? ಕಾದ... ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತ... ಹ್ಹಕ್. ಬರೇ ಎಳಕೊಳ್ಳೋದು. ಬಿಡೋದ ಇಲ್ಲ.

"ಯಾರದು?" ಅಂದ.

ಬಾವ್ಯಾಗಿಂದ ಪಿಸುಮಾತು. "ಅಣ್ಣಾ... ಕೇಳಿಸಿತ್ತಲ್ಲ?"

ಸೈಕಲ್ ಅಲ್ಲೇ ಒಗದು ಓಡಿ ಬಂದ. ನನ್ನ ಮನಿ ಬಾಗಲಾ ಬಡದ. ತೆರದ್ರ ಮೈಯೆಲ್ಲಾ ಬೆವತಾನ, ಚಪ್ಲಿ ಒಂದ ಐತಿ. ನೀರು ಕೊಟ್ನಿ. ಕುಡೀಲಿಲ್ಲ. "ಅಕ್ಕಾ, ಅನ್ನವ್ವ ಬಂದಾಳ" ಅಂದ.

ಅನ್ನವ್ವ ಯಾರು ಅಂತಿ? ಬಾಳಕ್ಕನ ಸೊಸಿ, ಆ ರಾತ್ರಿಗೆ ಆಕಿ ಸತ್ತು ಭಾಳ ದಿನ ಆಗಿತ್ತು. ಆ ಮಾತು ತಗದ್ರ ಇವತ್ತಿಗೂ ನನ್ನ ಮೈ ಉರೀತೈತಿ.

ಸಿದ್ರಾಮ ಮಹಾಪೂರದಾಗ ಎಮ್ಮಿ ಬಾಲಾ ಹಿಡದು ಪಂಚಗಂಗಾ ದಾಟಿ ಬಂದ ಮನಷ್ಯಾ. ಅದನ್ನ ನೋಡಿ ಇಚಲಕರಂಜಿ ಹೊಳಿ ಘಾಟಿನ ಮ್ಯಾಲೆ ಜೀವರಕ್ಷಕ ಅಂತ ಪಗಾರಿ ನೌಕರಿ ಕೊಟ್ರು. ಖಾಕಿ ಚಡ್ಡಿ, ಕೊರಳಾಗ ಸೀಟಿ. ಮುಳುಗಿದವರನ್ನ ಉಳಿಸೋದು ಕಲಿಯಾಕ ಅಂತ ಕೊಲ್ಹಾಪುರಕ್ಕ ಕಳಿಸಿದ್ರು. ಅಲ್ಲೊಬ್ಬ ಡಾಕ್ಟರ ತನ್ನ ಕಂಪೌಂಡರನ್ನ ಅಂಗಾತ ಮಲಗಿಸಿ, ಅವನ ಬಾಯಿ ಮ್ಯಾಲೆ ಕಿಸೇದಾಗಿನ ದಸ್ತಿ ಹಾಸಿ ತೋರಿಸಿದ್ನಂತ. ಗದ್ದ ಎತ್ರಿ, ಮೂಗು ಒತ್ತಿ ಹಿಡೀರಿ, ಬಾಯಿಗೆ ಬಾಯಿ ಹಚ್ಚಿ ಊದ್ರಿ, ಎದಿ ಏರೋದು ಕಾಣಬೇಕು. ಆಮ್ಯಾಲೆ ಎರಡೂ ಕೈಲೆ ಎದಿ ಒತ್ರಿ.

ವಾಪಸ್ ಬಂದಾಂವ ನನ್ನ ಮುಂದ ಕುಂತು ಅಂದಿದ್ದ. "ನೀರಂದ್ರ ನನಗ ಅಂಜಿಕಿಲ್ಲಕ್ಕ. ಇದೊಂದು ನನ್ನ ಪಾಲಿಗೆ ಬರಬಾರದು ನೋಡು. ನಾ ಊದಿದ ಮ್ಯಾಲೂ ಏಳಲಿಲ್ಲಂದ್ರ? ಅಲ್ಲೀತನಾ ನೀರು ಕೊಂದಿರ್ತೈತಿ. ಆಮ್ಯಾಲೆ ನಾ ಕೊಂದಂಗಲ್ಲ?"

"ಹುಚ್ಚ" ಅಂತ ನಾ ನಕ್ಕಿದ್ನಿ. ಅವ ನಗಲಿಲ್ಲ.

ನವರಾತ್ರಿ ಘಟ ಹಾಕೂ ಮುಂದ ಮನ್ಯಾಗಿನ ಕೌದಿ ಎಲ್ಲಾ ಹೊಳಿಗೆ ಒಯ್ದು ಒಗೀತೇವಲ್ಲ? ಬಾಳಕ್ಕ ಸೊಸೀನ್ನ ಕರಕೊಂಡು ಬಂದಿದ್ಳು. ಹೊಳಿ ಇನ್ನೂ ಇಳದಿರಲಿಲ್ಲ. ತೋಯಿಸಿದ ಕೌದಿ ಅಂದ್ರ ಕರುವಿನಷ್ಟು ಭಾರ. ಅದು ಸೆಳವಿಗೆ ಸಿಕ್ತು. ಅನ್ನವ್ವ ಒಂದು ಚುಂಗು ಹಿಡದಾಳ, ಹೊಳಿ ಒಂದು ಚುಂಗು ಹಿಡದೈತಿ. ದಂಡಿ ಮ್ಯಾಲೆ ಈ ಮಾರಾಯ್ತಿ ಒದರಿದ್ಳು. "ಕೌದಿ ಬಿಟ್ಟಿ ಅಂದ್ರ ಮನಿ ಹೊಸ್ತಲಾ ತುಳೀಬ್ಯಾಡ!"

ಆ ಹುಡುಗಿ ಬಿಡಲಿಲ್ಲ. ಬಿಟ್ಟಿದ್ರ ಬದುಕ್ತಿದ್ಳು. ಹಳೀ ಸೀರಿ ತುಂಡು ಜೋಡಿಸಿ ಹೊಲದಿದ್ದ ಕೌದಿ! ಅದಕ್ಕ ಬೆಂಕಿ ಹತ್ಲಿ!

ಸಿದ್ರಾಮ ಹಾರಿ ತಂದ. ಕಲ್ಲಿನ ಮ್ಯಾಲೆ ಮಲಗಿಸಿದ. ಮುಷ್ಟ್ಯಾಗ ಕೌದಿ ಹಂಗ ಐತಿ, ಉಸುರಿಲ್ಲ. ಮೊಣಕಾಲೂರಿ ಗದ್ದ ಎತ್ತಿದ. ಅಷ್ಟಕ್ಕ ಬಾಳಕ್ಕ ಅಡ್ಡ ಬಂದ್ಳು. "ಏ! ನನ್ನ ಸೊಸಿ ಬಾಯಿಗೆ ಪರಗಂಡಸು ಬಾಯಿ ಹಚ್ಚತಾನ? ಸರೀ ಅತ್ತಾಗ!"

ಮಂದಿ ಏನಂದ್ರು? "ಹೌದ್ರಿ, ಹೌದ್ರಿ, ಕುಂಬಾರಗ ಒಯ್ಯೂಣ" ಅಂದ್ರು. ನಮ್ಮ ಕಡೆ ಮೊದಲಿಂದ ಅದ ಚಾಲಿ ಅಲ್ಲೇನು, ನೀರಾಗ ಬಿದ್ದವರನ್ನ ತಿಗರಿ ಮ್ಯಾಲೆ ಡಬ್ಬ ಹಾಕಿ ತಿರುವೋದು, ಹೊಟ್ಟ್ಯಾಗಿನ ನೀರು ಹೊರಗ ಬರ್ಲಿ ಅಂತ. ಆಕೀಗೆ ಬೇಕಾಗಿದ್ದು ಗಾಳಿ. ಗಾಳಿ! ಕುಂಬಾರ ಓಣಿ ಎಲ್ಲಿ, ಘಾಟ ಎಲ್ಲಿ? ಪ್ಯಾಟಿ ದಾಟಿ ಹೊತ್ಕೊಂಡು ಹೋದ್ರು. ತಲಿ ಕಡೆ ಸಿದ್ರಾಮ ಹಿಡದಿದ್ದ.

ಪ್ಯಾಟಿ ನಡುವ, ಆಕಿ ಬಾಯಾಗಿಂದ ಒಂದ ಸಲ... ಹ್ಹಕ್.

ಅವ ಸುತ್ತಲೂ ನೋಡಿದ. ಯಾರಿಗೂ ಕೇಳಿರಲಿಲ್ಲ. ಅವ ಸುಮ್ನ ನಡದ.

ಕುಂಬಾರ ರಾಮಲಿಂಗ ತಿಗರಿ ತಿರುವಿದ. ಘರ್ರ್... ಘರ್ರ್... ಘರ್ರ್. ಕೂದಲದಿಂದ ನೀರು ಗ್ವಾಡಿಗೆಲ್ಲಾ ಸಿಡೀತಂತ. ತಿಗರಿ ನಿಂತಾಗ ಆಕಿ ಇರಲಿಲ್ಲ.

ಬಾವಿ ಹತ್ರದಿಂದ ಓಡಿ ಬಂದ ಆ ರಾತ್ರಿ ನನ್ನ ಅಡಗೀ ಮನ್ಯಾಗ ಕುಂತು ಇಷ್ಟೂ ಹೇಳಿದ. ನಾ ಕೇಳಿದ್ನಿ. "ಉಸುರು ಬಂದದ್ದು ಕೇಳಿ ಯಾಕ ಸುಮ್ನಾದಿ?"

ನೀರಿನ ತಂಬಗಿ ಅತ್ತಾಗ ಸರಿಸಿದ. ಆಮ್ಯಾಲೆ ಅಂದ. "ಹೇಳಿದ್ರ... ನಾನ ಊದಬೇಕಾಗ್ತಿತ್ತಲ್ಲಕ್ಕ."

ಕಪಾಳಕ್ಕ ಹೊಡೀಬೇಕನಿಸ್ತು. ಕೈ ಎತ್ತಿದ್ನಿ ಖರೇನ. ಆದ್ರ ಅವನ ಮಾರಿ ನೋಡಿ ಬಿಟ್ನಿ.

"ನಾಳೆ ನೌಕರಿ ಬಿಡ್ತೇನಿ" ಅಂದ.

"ನೀ ನೌಕರಿ ಬಿಟ್ರ ಆಕಿ ನಿನ್ನ ಬಿಡ್ತಾಳೇನು?" ಅಂದ್ನಿ.

ಮರುದಿನ ಸಂಜಿಮುಂದ ಸೈಕಲ್ ತರಾಕ ಇಬ್ರೂ ಹೋದ್ವಿ. ಇಲ್ಲಿಂದ ಮುಂದಿಂದು ಯಾರೂ ಹೇಳಿದ್ದಲ್ಲ, ನಾ ಕಣ್ಣಾರೆ ಕಂಡಿದ್ದು. ಮರದ ಹತ್ರ ಬಂದ್ವಿ. ಹಕ್ಕಿ ಸುದ್ದಾ ಒದರವಲ್ವು. ಸಿದ್ರಾಮ ನನ್ನ ಸೆರಗು ಹಿಡದಿದ್ದ, ಅಷ್ಟು ದೊಡ್ಡ ಗಂಡಸು! ಆವಾಗ... ದಬಕ್.

ಓಡಿ ಹೋಗಿ ಬಗ್ಗಿ ನೋಡಿದ್ವಿ. ಬಾವ್ಯಾಗ ಬಾಳಕ್ಕ. ಮುಖ ಕೆಳಗ.

ಅವ ಧಡಕ್ಕನ ಹಾರಿದ. ನೀರಿನ ಅಂಜಿಕಿ ಅವಂಗ ಎಂದೂ ಇರಲಿಲ್ಲ. ಪಾವಟಿಗಿ ಮ್ಯಾಲಿಂದ ಎಳಕೊಂಡು ಬಂದು ಬಾವಿ ಕಟ್ಟಿ ಮ್ಯಾಲೆ ಮಲಗಿಸಿದ. ಉಸುರಿಲ್ಲ. ತುಟಿ ಕಪ್ಪಾಗ್ಯಾವ. ಬಾಜೂ ಹೊಲದಿಂದ ಜೋತಿಬಾ, ಯಲಗೂರಪ್ಪ ಓಡಿ ಬಂದ್ರು. ಬಂದವರ ಬಾಯಾಗ ಮತ್ತ ಅದ. "ಗಾಡಿ ಹೂಡ್ರಿ, ಕುಂಬಾರಗ ಒಯ್ಯೂಣ!"

ನನಗ ಎಲ್ಲಿತ್ತೋ ಸಿಟ್ಟು, ಬಾವಿ ಹಗ್ಗ ಕೈಗೆ ಸುತ್ಕೊಂಡು ನಿಂತ್ನಿ. "ಯಾವನರ ಮುಂದ ಬಂದ್ರಿ ಅಂದ್ರ ಬಾವ್ಯಾಗ ನೂಕತೇನಿ! ಒಬ್ಬಾಕೀನ್ನ ತಿರುವಿ ತಿರುವಿ ಮಣ್ಣು ಮಾಡಿದ್ರಿ, ಸಾಲಲಿಲ್ಲೇನು?"

ನಿಂತ್ರು.

ಸಿದ್ರಾಮ ಆಕಿ ಬಾಜೂ ಮೊಣಕಾಲೂರಿದ. ನನಗಷ್ಟ ಕೇಳೂಹಂಗ ಅಂದ. "ಅಕ್ಕಾ... ಇಕೀಗೆ? ಇಕೀಗೆ ನಾ ಊದ್ಲಿ?"

"ಊದು."

"ಏಳಲಿಲ್ಲಂದ್ರ?"

"ಈಗೇನು ಎದ್ದು ಕುಂತಾಳೇನೋ? ಸತ್ತ ಬಿದ್ದಾಳ. ಅದಕ್ಕಿಂತ ಹೆಚ್ಚಿಗಿ ಏನು ಕೊಲ್ತಿ? ಊದೋ!"

ದಸ್ತಿ ಇರಲಿಲ್ಲ, ಏನೂ ಇರಲಿಲ್ಲ. ಬಾಯಿಗೆ ಬಾಯಿ ಹಚ್ಚಿದ. ಎದಿ ಏರಲಿಲ್ಲ. ಮೂಗು ಹಿಡೀಲಿಕ್ಕೆ ಮರತಿದ್ದ. ಮತ್ತ ಹಿಡದು ಊದಿದ. ಎದಿ ಏರ್ತು, ನಾ ನೋಡಿದ್ನಿ. ಒತ್ತಿದ. ಊದಿದ. ಅಳ್ಕೊಂತ, ಬೈಕೊಂತ ಊದಿದ. ಏನು ಬೈದ ಅನ್ನೋದು ಬ್ಯಾಡ, ಹೆಣ್ಣಮಕ್ಳ ಮುಂದ ಹೇಳೂವಂಗಿಲ್ಲ. ನನಗ ಮಾತ್ರ ಕೇಳಿ ಭಾಳ ಸಮಾಧಾನ ಆತು.

ಆವಾಗ... ಹ್ಹಾ... ಆ... ಆ...

ಉಸುರು ಬಿಟ್ಟ ಸಪ್ಪಳ. ಭಾಳ ದಿನದಿಂದ ಹಿಡದಿಟ್ಟಿದ್ದು ಒಮ್ಮೆಲೇ ಬಿಟ್ಟಂಗ. ಬಾಳಕ್ಕನ ಬಾಯಾಗಿಂದ ಅಲ್ಲ, ಛಾಯಾ. ಬಾವ್ಯಾಗಿಂದ ಬಂತು. ಜೋತಿಬಾಗೂ ಕೇಳಿತು, ಯಲಗೂರಪ್ಪಗೂ ಕೇಳಿತು. ಜೋತಿಬಾ ಹೋಗಿ ಬಗ್ಗಿ ನೋಡಿದ. ನೀರು ಸುಮ್ನಿತ್ತಂತ.

ಅದರ ಹಿಂದ ಬಾಳಕ್ಕ ಕೆಮ್ಮಿದ್ಳು. ನೀರು ಕಾರಿಕೊಂಡ್ಳು. ಕಣ್ಣು ತೆರದು ಮೊದಲ ಏನಂದ್ಳು ಗೊತ್ತೇನು? ಸೆರಗಿನಿಂದ ಬಾಯಿ ಒರಸ್ಕೊಂಡು, "ಹಲ್ಕಟ್, ನನ್ನ ಬಾಯಿ ಎಂಜಲ ಮಾಡಿದ್ಯಾ!" ಅಂದ್ಳು. ಸಿದ್ರಾಮ ಅಲ್ಲೇ ಬಾವಿ ಕಟ್ಟಿಗೆ ಆನ್ಕೊಂಡು ಕುಂತು ನಕ್ಕ. ನಕ್ಕೊಂತ ಅತ್ತ.

"ಬಾವಿಗೆ ಹೆಂಗ ಬಿದ್ದಿ ಬೇ?" ಅಂದ್ನಿ.

"ಕೌದಿ ತೇಲಾಕತ್ತಿತ್ತು. ಎಳಕೊಳ್ಳಾಕ ಬಗ್ಗಿದ್ನಿ" ಅಂದ್ಳು.

ಯಲಗೂರಪ್ಪ ಬಾವ್ಯಾಗ ಬಿದ್ದ ಕೊಡ ಎತ್ತೋ ಪಾತಾಳಗರಡಿ ಇಳಿಬಿಟ್ಟು ತಳಾ ಎಲ್ಲಾ ಜಾಲಾಡಿದ. ಯಾವ ಕೌದಿನೂ ಸಿಗಲಿಲ್ಲ.

ಸಿದ್ರಾಮ ನೌಕರಿ ಬಿಡಲಿಲ್ಲ. ಇವತ್ತಿಗೂ ಘಾಟಿನ ಮ್ಯಾಲೆ ಅದಾನ, ಯಾರ್ನರ ಎಳದು ತಂದ ಅಂದ್ರ ಮೊದಲ ಊದ್ತಾನ, ಆಮ್ಯಾಲೆ ಯಾರ ಮಗಳು ಯಾರ ಸೊಸಿ ಕೇಳ್ತಾನ. ಆ ಬಾವ್ಯಾಗ ಅವಂಗ ಮತ್ತೆಂದೂ ಏನೂ ಕೇಳಿಲ್ಲ. ರಾತ್ರಿ ಅದ ಹಾದಿಲೆ ಬರ್ತಾನ.

ಖೋಟಾ ಅಂತಿಯೇನು? ನಗು ಬ್ಯಾರೆ ಬರಾಕತ್ತೈತಿ ಮಾರಿ ಮ್ಯಾಲೆ. ಹಂಗಾರ ಒಂದು ಕೆಲಸಾ ಮಾಡು. ಬಾಳಕ್ಕ ದಿನಾ ಮುಂಜಾನಿ ಮಾರುತಿ ಗುಡಿ ಕಟ್ಟಿ ಮ್ಯಾಲೆ ಬಿಸಲಿಗೆ ಕುಂಡರ್ತಾಳ. ನಾಳೆ ಹೋಗು. ಹತ್ರ ಕೂಡು, ಕಿವಿ ಕೊಡು, ಮಾತಾಡಬ್ಯಾಡ.

ಆಕಿ ಉಸುರು ಎಳಕೊಳ್ಳೋದು ಕೇಳಸ್ತೈತಿ... ಹ್ಹಕ್.

ಬಿಡೋದು ನನಗಂತೂ ಇವತ್ತಿನತನಾ ಕೇಳಿಲ್ಲ.