ಒಲೆಯ ಪಕ್ಕಕ್ಕೊಂದು ಹಿಡಿಕೆ

ಕಾಪುವಿನಲ್ಲಿ ಉಡುಪಿ ಬಸ್ಸು ಹತ್ತಿದಾಗ ಸೀಟಿರಲಿಲ್ಲ. ನನ್ನ ಪಕ್ಕದಲ್ಲೇ ಗಂಡ ಹೆಂಡತಿ ನಿಂತಿದ್ದರು. ಅವಳ ಕಂಕುಳಲ್ಲಿ ಮೊಳದುದ್ದದ ಸ್ಟೀಲ್ ಹಿಡಿಕೆ, ಅವನ ಅಂಗೈಯಲ್ಲಿ ಸುಟ್ಟ ಕಲೆ.

“ಮೀನಿನ ಬೋಟಿನಾಗ ಅಡಗಿ ಮಾಡಾವ್ರು ಯಾರೂ ಇದನ್ನ ಹಾಕ್ಸಂಗಿಲ್ಲ. ನಗ್ತಾರ ಮಾರಾಯ್ತಿ.”

“ನಗಲಿ. ಬೋಟು ವಾಲಿದಾಗ ಕುದಿಯೋ ಸಾರಿನ ಪಾತ್ರೀನ ಹಿಡ್ಕೊಂಡವ್ರು ನೀವು. ಇದನ್ನ ಕೂಡ್ಸದ ಸಮುದ್ರಕ್ಕ ಬಿಡಂಗಿಲ್ಲ.”

“ಆತು. ಒಲಿ ಹಿಂದ, ತಲಿ ಎತ್ತರಕ್ಕ ಹಾಕಸ್ತೀನಿ.”

“ಬೆಂಕಿ ದಾಟಿ ಕೈ ಚಾಚ್ತೀರೇನು? ಒಲಿ ಈ ಕಡೆ, ಸೊಂಟದ ಮಟ್ಟಕ್ಕ ಇರಲಿ.”

“ಒಂದಿನಾನೂ ಬೋಟು ಹತ್ತದಾಕಿ ನನಗ ಹೇಳ್ತಿ!”

ಅಷ್ಟರಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಎಲ್ಲರೂ ಮುಗ್ಗರಿಸಿದೆವು. ತಲೆಯ ಮೇಲೆ ಉದ್ದಕ್ಕೂ ಕಂಬಿಯಿದ್ದರೂ ಅವನು ಗಟ್ಟಿಯಾಗಿ ಹಿಡಿದದ್ದು ಸೊಂಟದ ಮಟ್ಟದಲ್ಲಿದ್ದ ಸೀಟಿನ ಹಿಡಿಕೆಯನ್ನು.

“ಕೈ ಎಲ್ಲಿ ಹೋತು ನೋಡ್ರಿ!”

ಅವನು ನೋಡಿದ. ನಕ್ಕುಬಿಟ್ಟ.

“ಹಂಗ ನಿಲ್ರಿ, ಅಲ್ಲಾಡಬ್ಯಾಡ್ರಿ.” ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು, ಅದೇ ಎತ್ತರಕ್ಕೆ ಅವನ ಅಂಗಿಗೆ ಚುಚ್ಚಿದಳು. “ವೆಲ್ಡಿಂಗಿನವ್ಗ ಇದನ್ನ ತೋರಸ್ರಿ.”

“ಬಸ್ಸಿನ ಮಂದಿ ಎಲ್ಲಾ ನೋಡಾಕತ್ತಾರ ಲೇ.”

“ನೋಡಲಿ. ಅಲ್ಲೀತನ ಅಂಗಿ ಜಗ್ಗಬ್ಯಾಡ್ರಿ.”

ಮಲ್ಪೆಗೆ ಹೋಗುವವರು ಇಳಿಯಿರಿ ಎಂದು ಕಂಡಕ್ಟರ್ ಕೂಗಿದ. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಮೆಟ್ಟಿಲಿಳಿಯುತ್ತ ಅವನು ಮುಂದಿದ್ದ ಅವಳ ಭುಜ ಹಿಡಿದ.

“ಬೋಟಿನಾಗ ನಾ ಇರಂಗಿಲ್ಲ. ಕಂಬಿ ಹಿಡ್ಕೊಂಡು ಇಳೀರಿ,” ಎಂದಳು. ಭುಜವನ್ನು ಮಾತ್ರ ಸರಿಸಲಿಲ್ಲ.