ಲೋಕಾಪುರ ಬಸ್ ನಿಲ್ದಾಣದ ಟಗರು

ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಬೀರೇಶ್ವರನನ್ನು ನೆನೆಯುತ್ತ ಬಸ್ಸಿಗೆ ಕಾಯುತ್ತಿದ್ದ ಮಾಳಿಂಗರಾಯನಿಗೆ ನಾಮಸ್ಮರಣೆಗಿಂತ ಪಕ್ಕದ ಬೆಂಚಿನ ಮಾತೇ ಹೆಚ್ಚು ಕೇಳಿಸುತ್ತಿತ್ತು. ಅಲ್ಲಿ ಹೊಸ ರುಮಾಲಿನ ಕುರಿಗಾರ ಮುದುಕನೊಬ್ಬ, ತವರಿನಿಂದ ಹೊರಟಿದ್ದ ಮಗಳು, ಎರಡು ವರ್ಷದ ಮೊಮ್ಮಗ.

“ಬೀರೂ, ಒಮ್ಮೆರೆ ಮುತ್ಯಾ ಅನ್ನೋ ನನ್ನಪ್ಪ,” ಎಂದು ಅಜ್ಜ ಅಂಗಲಾಚಿದ.

“ಟಗರ!” ಅಂದಿತು ಕೂಸು.

“ಮತ್ತೇನ ಅಂತೈತಿ ಅಪ್ಪಾ? ಹದಿನೈದ ದಿನ ಕೊರಳಿಗೆ ಗಂಟಿ ಕಟಗೊಂಡು ಮನಿತುಂಬ ಅಂಬೆಗಾಲಿಲೆ ತಿರುಗಿದಾಂವ ನೀನ.”

“ಅಳೂದು ನಿಲ್ಲಸಲಿ ಅಂತ ಒಂದ ದಿನ ಕಟಗೊಂಡೆ. ಆಮ್ಯಾಲ ನನಗ ಹುಚ್ಚ ಹಿಡೀತು.”

“ಬೀಗರು ಬಂದಾಗೂ ಬಿಚ್ಚಲಿಲ್ಲಲ್ಲ!”

“ಅವರ ಮುಂದ ಹುಲ್ಲೂ ತಿಂದೆ, ಯಾರಿಗೂ ಹೇಳಬ್ಯಾಡ. ನೂರ ಕುರಿ ನನ್ನ ಮಾತ ಕೇಳತಾವು. ಈ ಒಂದ ಕೂಸಿನ ಬಾಯಾಗ ಮುತ್ಯಾ ಅನ್ನೂದು ಬರವಲ್ತು. ಇನ್ನ ಬರೂ ಬ್ಯಾಸಗಿತನಾ ಕಾಯಬೇಕು.”

ಮಗಳ ಊರಿನ ಬಸ್ಸು ಬಂತು. ತಾಯಿ, ಮಗು ಕಿಟಕಿಯ ಬಳಿ ಕುಳಿತರು. ಬಸ್ಸು ಅಲುಗಿದ್ದೇ ತಡ, ಕೂಸು ಹೊರಗೆ ಕೈಚಾಚಿ, “ಟಗರ! ನನ್ನ ಟಗರ!” ಎಂದು ಅಳತೊಡಗಿತು.

ನಿಲ್ದಾಣದ ಮಂದಿಯೆಲ್ಲ ಟಗರು ಎಲ್ಲಿದೆ ಎಂದು ತಿರುಗಿ ನೋಡಿದರು. ಮುದುಕ ರುಮಾಲು ಹಿಡಿದುಕೊಂಡು ಬಸ್ಸಿನ ಹಿಂದೆ ಓಡುತ್ತ, ಎಲ್ಲರಿಗೂ ಕೇಳುವಂತೆ “ಬ್ಯಾ, ಬ್ಯಾ” ಎಂದ.