ಹೆಣ ಇಳಿಸುವ ಕಿಂಡಿ

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ಟಾಮರ್ ಆಲ್ಡರ್ಸನ್‌ಗೆ ಆದದ್ದು. ಯಾರ್ಕ್‌ಷೈರ್‌ನ ಗುಡ್ಡದಲ್ಲಿ, ಮಾರ್ಚ್ ತಿಂಗಳ ಒಂದು ರಾತ್ರಿ.

ಕಣಿವೆಯ ಕೆಳಗಿನವರ ಕುರಿಯೊಂದು ಈಯಲಾರದೆ ಒದ್ದಾಡುತ್ತಿತ್ತು. ಟಾಮರ್ ಹೋಗಿ ಮರಿಯನ್ನು ಹೊರಗೆಳೆದು, ಹೊತ್ತುಮೀರಿ ಮನೆಗೆ ಹೊರಟಿದ್ದಳು. ಮನೆಯಲ್ಲಿ ತಮ್ಮ ಜೇಬೆಜ್ ಒಬ್ಬನೇ... ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಿದ್ದ. "ಹೋಗಕ್ಕಾ, ಹೋಗು. ಕುರಿಗಿಂತ ನಾನೇನು ಹೆಚ್ಚಾ?" ಎಂದು ಚುಚ್ಚಿಯೇ ಕಳಿಸಿದ್ದ.

ಮನೆಯ ಮುಂದಿನ ಬಾವಿಯ ಹತ್ತಿರ ಬಂದಾಗ ಒಳಗಿನಿಂದ ಕೇಳಿತು. ಖಣ್... ಕಬ್ಬಿಣದ ಚಿಲಕ ಸರಿದ ಸದ್ದು. ಆಮೇಲೆ ಕಿರ್ರ್...

ಆ ಸದ್ದು ಅವಳಿಗೆ ಗೊತ್ತು. ಅವರದು ಮುನ್ನೂರು ವರ್ಷದ ಕಲ್ಲುಮನೆ. ಮೆಟ್ಟಿಲು ಗೋಡೆಯ ದಪ್ಪದೊಳಗೇ ಸುತ್ತಿಕೊಂಡು ಏರುತ್ತದೆ. ಅಡ್ಡ ತಿರುಗಿಯೇ ಹತ್ತಬೇಕು. ಶವಪೆಟ್ಟಿಗೆ ಅಲ್ಲಿ ಹೊರಳುವುದಿಲ್ಲ. ಅದಕ್ಕೇ ಕಟ್ಟಿದವರು ಮಹಡಿಯ ಹಲಗೆನೆಲದಲ್ಲಿ ಒಂದು ಕಿಂಡಿ ಬಿಟ್ಟಿದ್ದರು, ಕೆಳಗಿನ ಊಟದ ಮೇಜಿಗೆ ನೇರವಾಗಿ. ಸತ್ತವರನ್ನು ಹಗ್ಗ ಕಟ್ಟಿ ಇಳಿಸುವುದು ಅಲ್ಲಿಂದಲೇ. ಹನ್ನೆರಡು ವರ್ಷದ ಹಿಂದೆ ಅಪ್ಪನನ್ನೂ ಹಾಗೇ ಇಳಿಸಿದ್ದರು. ಆಮೇಲೆ ಅದನ್ನು ಯಾರೂ ತೆರೆದಿರಲಿಲ್ಲ.

ಒಳಗೆ ಓಡಿದಳು. ಊಟದ ಮೇಜಿನ ಮೇಲ್ಗಡೆ ಕಿಂಡಿ ಬಾಯಿ ತೆರೆದಿತ್ತು. ಸರ್... ಸರ್... ಹಗ್ಗ ಜಾರುತ್ತಿತ್ತು. ಶವಪೆಟ್ಟಿಗೆಯ ತಳ ಕಾಣಿಸಿತು.

"ಟಾಮರ್..." ಮೇಲಿನಿಂದ ಪಿಸುದನಿ. ಅಪ್ಪನದೇ. "ಕಾಲಿನ ಕಡೆ ಹಿಡ್ಕೋ ಮಗಾ. ಮೆಲ್ಲಗೆ..."

ಅಪ್ಪನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. ಕೈ ತಾನಾಗಿ ಮೇಲೆ ಹೋಯಿತು. ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಕೆಮ್ಮು ಕೇಳಿಸಿತು.

"ಅಪ್ಪಾ, ಇವನಿನ್ನೂ ಸತ್ತಿಲ್ಲ!"

"ಹೊತ್ತಾಯ್ತು ಕಣೇ..."

"ಕೊಡಲ್ಲ. ಮೇಲಕ್ಕೆಳ್ಕೋ!"

ಒಂದು ನಿಟ್ಟುಸಿರು. ಹಗ್ಗ ಮೇಲೆ ಸರಿಯಿತು. ಧಡ್ ಎಂದು ಕಿಂಡಿ ಮುಚ್ಚಿತು.

ಗೋಡೆಗೆ ಮೊಣಕೈ ತರಚಿಕೊಂಡು ಮೆಟ್ಟಿಲೇರಿದಳು. ಕಿಂಡಿಯ ಮೇಲೆ ಎಂದಿನಂತೆ ಬಟ್ಟೆ ಇಡುವ ದೊಡ್ಡ ಮರದ ಪೆಟ್ಟಿಗೆ ಕೂತಿತ್ತು. ಅದರ ಸುತ್ತಲ ಧೂಳು ಕದಲಿರಲಿಲ್ಲ. ಜೇಬೆಜ್ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಹಣೆ ಮುಟ್ಟಿದಳು. ತಣ್ಣಗಿತ್ತು.

"ಯಾಕೆ ಬೇಡ ಅಂದೆ ಅಕ್ಕಾ?" ಎಂದ. "ಅರ್ಧ ಇಳಿದಿದ್ದೆ... ಹಾಯಾಗಿತ್ತು."

ಅವನು ಅಕ್ಕನೊಡನೆ ಆಡಿದ ಕೊನೆಯ ಮಾತು ಅದು. ಎದ್ದ, ಕುರಿ ಮೇಯಿಸಿದ, ಒಂಬತ್ತು ವರ್ಷ ಬದುಕಿದ. ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ತುಟಿ ಬಿಚ್ಚದೆ. ಅವನನ್ನು ಮಣ್ಣು ಮಾಡಿದ ಮೇಲೆಯೇ ಟಾಮರ್ ಇದನ್ನು ನನಗೆ ಹೇಳಿದ್ದು.

ನಂಬದಿದ್ದರೆ ಬಿಡಿ. ಆ ಕಣಿವೆಯಲ್ಲಿ ಎಲ್ಲರ ಕ್ಷೌರ ಮಾಡುತ್ತಿದ್ದವನು ನಾನೇ. ಕಾಯಿಲೆಯಿಂದ ಎದ್ದ ವಾರ ಜೇಬೆಜ್‌ನ ಗಡ್ಡ ಬೋಳಿಸಿದೆ. ಮತ್ತೆ ಬೆಳೆಯಲೇ ಇಲ್ಲ.